ಬ್ಯಾನರಿಗೆ ಹೋದ ಹಗ್ಗ

ರಾಮದುರ್ಗದ ಹತ್ತಿರ ಮಲಪ್ರಭೆಯಲ್ಲಿ ಸೇತುವೆ ದುರಸ್ತಿಗೆ ತಂದಿದ್ದ ಬಾರ್ಜ್ ಎಂಬ ಚಪ್ಪಟೆ ತಳದ ದೊಡ್ಡ ಸಾಮಾನು ದೋಣಿ ತೇಲಿಹೋಗಿ, ಸೇತುವೆಯ ಕಂಬಕ್ಕೆ ಕಟ್ಟಿದ್ದ ಮೀನುಗಾರನ ದೋಣಿಯನ್ನು ಅಪ್ಪಚ್ಚಿ ಮಾಡಿತ್ತು. ವಿಮೆಯವರು ನನ್ನನ್ನು ತನಿಖೆಗೆ ಕಳಿಸಿದ್ದರು.

"ಆ ದೋಣಿ ಅಡ್ಡ ಬಂತ್ರಿ ಸಾಹೇಬ್ರ," ಅಂದ ಗುತ್ತಿಗೆದಾರ, ಇಸ್ತ್ರಿ ಅಂಗಿಗೆ ಕೆಸರು ತಾಗದಷ್ಟು ದೂರ ನಿಂತು.

"ಕಟ್ಟಿದ ದೋಣಿ ಹೆಂಗ ಅಡ್ಡ ಬರತೈತ್ರಿ?" ಅಂದ ಮುದಿ ಮೀನುಗಾರ. "ನಿಮ್ಮ ಬಾರ್ಜಿನ ಹಗ್ಗ ಎಲ್ಲಿ ಹೋತು, ಮೊದಲ ಅದನ್ನ ಹೇಳ್ರಿ."

ಗುತ್ತಿಗೆದಾರ ಅಂಗಿಯ ತೋಳು ಸರಿಮಾಡಿಕೊಂಡ. ಮುದುಕನೇ ಮೇಲಕ್ಕೆ ಬೆರಳು ತೋರಿಸಿದ. ಸೇತುವೆ ನೋಡಲು ಬರುವ ಸಚಿವರಿಗೆ ಸ್ವಾಗತ ಕೋರುವ ಬ್ಯಾನರ್ ಅಲ್ಲಿತ್ತು. ಅದನ್ನು ಕಟ್ಟಲು ಹಿಂದಿನ ದಿನ ಬಾರ್ಜಿನ ಹಗ್ಗವನ್ನೇ ಬಿಚ್ಚಿ ಒಯ್ದಿದ್ದರು.

ಕಂಬ ಬಿರುಕು ಬಿಟ್ಟಿತ್ತು, ದೋಣಿ ಸೌದೆಯಾಗಿತ್ತು. ಬ್ಯಾನರಿನಲ್ಲಿ ಅದೇ ಗುತ್ತಿಗೆದಾರ ಕೈಮುಗಿದು ನಗುತ್ತಿದ್ದ, ಗಾಳಿಗೆ ಒಂದಿಂಚೂ ಅಲುಗದೆ. ಇವರಿಗೆ ಗಂಟು ಹಾಕಲು ಬರುವುದಿಲ್ಲ ಎಂದು ವರದಿಯಲ್ಲಿ ಬರೆಯುವ ಹಾಗೂ ಇರಲಿಲ್ಲ.