ಶಂಕ್ರೆಪ್ಪ ಮಾಸ್ತರರ ಶುದ್ಧ ಕನ್ನಡ

ಶಂಕ್ರೆಪ್ಪ ಮಾಸ್ತರರ ವರ್ಗದಲ್ಲಿ ‘ನಮ್ಮವ್ವ ಕೆಲಸಕ್ಕ ಹೋಗ್ಯಾಳ್ರಿ’ ಎಂದ ಮಗುವಿಗೆ ಅಂಗೈ ಮೇಲೆ ಫುಟ್‌ಪಟ್ಟಿಯ ಒಂದು ಏಟು ಬೀಳುತ್ತಿತ್ತು. ಜೋರಾದ ಏಟೇನಲ್ಲ. ‘ನಮ್ಮ ತಾಯಿ ಕೆಲಸಕ್ಕೆ ಹೋಗಿದ್ದಾರೆ’ ಎನ್ನುವ ತನಕ ಕೈ ಚಾಚಿಕೊಂಡೇ ನಿಂತಿರಬೇಕು, ಅಷ್ಟೆ. ಸರಿಯಾಗಿ ಹೇಳಿದರೆ ಅದೇ ಕೈಗೆ ಕಿಸೆಯಿಂದ ಒಂದು ಪೆಪ್ಪರಮಿಂಟು. ಹೀಗೆ ಕಲಿತವರಲ್ಲಿ ಕೆಲವರು ಊರಿಗೆ ಮರಳಿ ತಾವೇ ಮಾಸ್ತರಿಕೆ ಮಾಡುತ್ತಿದ್ದಾರೆ ಎನ್ನುವುದು ಅವರ ದೊಡ್ಡ ಹೆಮ್ಮೆಯಾಗಿತ್ತು.

ಶಾಲೆ ಇದ್ದದ್ದು ಮುಂಬಯಿಯ ಘಾಟ್ಕೋಪರಿನ ಪಶ್ಚಿಮಕ್ಕೆ, ಗುಡ್ಡದ ಓರೆಗೆ ಒತ್ತಿಕೊಂಡ ಒಂಟಿ ಕೋಣೆಯ ಖೋಲಿಗಳ ಬುಡದಲ್ಲಿ. ಕನ್ನಡದ ಹೋಟೆಲ್ ಮಾಲೀಕರು ಹಿಂದೆಂದೋ ಕಟ್ಟಿದ ಟ್ರಸ್ಟಿನ ಕಟ್ಟಡ. ಕೆಳಗೆ ಮರಾಠಿ ವರ್ಗಗಳು, ನಡುವೆ ಹಿಂದಿ, ಮೇಲಿನ ಮಹಡಿಯ ಮೂಲೆಯಲ್ಲಿ ಕನ್ನಡ. ಮಾಲೀಕರ ಮಕ್ಕಳು ಯಾವತ್ತೋ ಇಂಗ್ಲಿಷ್ ಶಾಲೆಗಳಿಗೆ ಹೋಗಿಬಿಟ್ಟಿದ್ದರು. ಈಗ ಆ ಮೂಲೆಯಲ್ಲಿ ಕೂರುತ್ತಿದ್ದವರು ಯಾದಗಿರಿ, ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರ ಮಕ್ಕಳು.

ಮಾಸ್ತರರು ಇಂಡಿ ತಾಲೂಕಿನವರು. ತರುಣರಿದ್ದಾಗ ಈ ಕೆಲಸದ ಸಂದರ್ಶನಕ್ಕೆ ಬಂದು ಕೂತು, ತಮ್ಮ ಊರಿನ ಮಾತಿನಲ್ಲೇ ಉತ್ತರ ಕೊಟ್ಟಿದ್ದರು. ಸಮಿತಿಯ ಒಬ್ಬರು ಪಕ್ಕದವರ ಕಡೆ ತಿರುಗಿ, “ಇದು ಯಾವ ಸೀಮೆ ಕನ್ನಡಾರೀ?” ಎಂದು ನಕ್ಕರು. ಕೆಲಸವೇನೋ ಸಿಕ್ಕಿತು, ಆದರೆ ಆ ನಗು ಹೊಟ್ಟೆಯೊಳಗೆ ಇಳಿದುಬಿಟ್ಟಿತು. ದಿನಾ ರೇಡಿಯೋ ವಾರ್ತೆ ಕೇಳಿ, ಕುರ್ಲಾದ ಬಾಡಿಗೆ ಖೋಲಿಯಲ್ಲಿ ಗೋಡೆಯ ಎದುರು ನಿಂತು ಒಂದೊಂದೇ ವಾಕ್ಯ ಒಪ್ಪಿಸಿ ಪುಸ್ತಕದ ಕನ್ನಡವನ್ನು ನಾಲಗೆಗೆ ಒಗ್ಗಿಸಿಕೊಂಡರು. ತಮ್ಮ ವರ್ಗದ ಮಕ್ಕಳನ್ನು ನೋಡಿ ಯಾರೂ ಹಾಗೆ ನಗಬಾರದು, ಅದಕ್ಕೇ ಫುಟ್‌ಪಟ್ಟಿ ಎಂದು ನಂಬಿದ್ದರು.

ಕನ್ನಡ ವಿಭಾಗ ಮುಚ್ಚುವ ಮಾತು ಟ್ರಸ್ಟಿನಲ್ಲಿ ಏಳುತ್ತಿದ್ದ ವರ್ಷವೇ ಧಾತ್ರಿ ಬಂದಳು. ಮುಲುಂಡಿನಲ್ಲಿ ಬೆಳೆದ ಹುಡುಗಿ, ಹಿರಿಯರು ಮೈಸೂರಿನವರು, ಹೊರದೇಶದ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ. ಬಡಮಕ್ಕಳು ಓದು ಬರಹ ಹೇಗೆ ಕಲಿಯುತ್ತಾರೆ, ಮನೆಯ ಮಾತಿಗೂ ಶಾಲೆಯ ಮಾತಿಗೂ ಏನು ಸಂಬಂಧ ಎಂಬುದು ಅವಳ ವಿಷಯ.

“ನಾನು ಹಿಂದೆ ಕೂತ್ಕೊಂಡು ನೋಡ್ತಾ ಇರ್ತೀನಿ ಸರ್. ನಾನಿಲ್ಲ ಅಂದ್ಕೊಂಡು ನೀವು ಪಾಠ ಮಾಡಿ” ಎಂದಳು.

“ಹಂಗ್ಯಾಕವ್ವ, ಇದು ನಿಮ್ಮದs ಸಾಲಿ ಅಂತ ತಿಳೀರಿ” ಎಂದರು ಮಾಸ್ತರರು. ವರ್ಗದ ಹೊರಗೆ ಅವರ ನಾಲಗೆ ಊರಿನ ಮಾತಿಗೇ ಮರಳುತ್ತಿತ್ತು.

ಆ ವರ್ಷವಿಡೀ ಅವಳು ಹಿಂದಿನ ಬೆಂಚಿನಲ್ಲಿ ಕೂತಳು. ಮಾಸ್ತರರು ಅವಳನ್ನು ಗುಡ್ಡ ಹತ್ತಿಸಿ ಮನೆಮನೆಗೆ ಕರೆದೊಯ್ದರು. ಬಸಲಿಂಗವ್ವನ ಖೋಲಿಯಲ್ಲಿ ಚಹಾ ಕುಡಿಸಿದರು. ಬಸಲಿಂಗವ್ವ ಗಾರೆ ಕೆಲಸದವಳು, ಅವಳ ಮಗಳು ಸಾಬವ್ವ ನಾಲ್ಕನೆಯ ಇಯತ್ತೆಯಲ್ಲಿ ಓದುತ್ತಿದ್ದಳು. ಒಂದು ಭಾನುವಾರ ಧಾತ್ರಿಯನ್ನು ತಮ್ಮ ಮನೆಗೇ ಊಟಕ್ಕೆ ಕರೆದರು. ಜೋಳದ ರೊಟ್ಟಿ, ಪುಂಡಿಪಲ್ಯೆ. ಊಟದ ನಡುವೆ ಧಾತ್ರಿ ಗೋಡೆಯ ಕ್ಯಾಲೆಂಡರ್ ತೋರಿಸಿ, ಮಾಸ್ತರರ ಮಗಳು ವಿಜೇತಾಳನ್ನು ಅದನ್ನು ಓದುವಂತೆ ಕೇಳಿದಳು. ಇಂಗ್ಲಿಷ್ ಶಾಲೆಯ ಹುಡುಗಿ ‘ಶ್ರಾವಣ’ ಎಂಬಲ್ಲೇ ಎಡವಿದಳು. “ಪಪ್ಪಾ, ಯೇ ಕೌನ್ಸಾ ಲೆಟರ್ ಹೈ?” ಎಲ್ಲರೂ ನಕ್ಕರು, ಧಾತ್ರಿಯೂ ನಕ್ಕಳು.

ಸ್ಟಾಫ್ ರೂಮಿನಲ್ಲಿ ಮಾಸ್ತರರು ಹೇಳಿಕೊಂಡು ತಿರುಗಿದರು: “ನಮ್ಮ ಸಾಲಿ ಪುಸ್ತಕದಾಗ ಬರತದ್ರಿ. ಪುಸ್ತಕದಾಗ ಬಂದದ್ದನ್ನ ಯಾರ ಮುಚ್ಚತಾರ?”

ಮರುವರ್ಷ ಒಂದು ಭಾನುವಾರ ಮಾಟುಂಗದ ಒಂದು ಕನ್ನಡ ಸಂಘದ ಹಾಲಿನಲ್ಲಿ ಧಾತ್ರಿಯ ಉಪನ್ಯಾಸವಿತ್ತು. ಮಾಸ್ತರರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಬಸಲಿಂಗವ್ವನನ್ನೂ ಇನ್ನಿಬ್ಬರು ಪಾಲಕರನ್ನೂ ಲೋಕಲ್ ರೈಲಿನಲ್ಲಿ ಕರೆದುಕೊಂಡು ಹೋದರು. ಮುಂದಿನ ಸಾಲಿನಲ್ಲಿ ಕೂತರು.

ಧಾತ್ರಿ ಚೆನ್ನಾಗಿ ಮಾತಾಡಿದಳು. ಹೆಸರು ಹೇಳಲಿಲ್ಲ. ‘ಒಂದು ಶಾಲೆ’ ಎಂದಳು, ‘ಒಬ್ಬ ಶಿಕ್ಷಕರು’ ಎಂದಳು. ಫುಟ್‌ಪಟ್ಟಿಯ ಮಾತು, ಪೆಪ್ಪರಮಿಂಟಿನ ಮಾತು ಬಂದಾಗ ಇಡೀ ಸಭೆ ಗೊಳ್ಳೆಂದಿತು. ಮಾಸ್ತರರೂ ಮೊದಮೊದಲು ನಕ್ಕರು. ಆಮೇಲೆ ಅವಳು ದನಿ ತಗ್ಗಿಸಿದಳು.

“ಒಂದು ಬೆಳಿಗ್ಗೆ ಒಬ್ಬಳು ಹುಡುಗಿ ಓಡಿ ಬಂದು, ‘ನಮ್ಮವ್ವ ಮ್ಯಾಲಿಂದ ಬಿದ್ದಾಳ್ರಿ, ದವಾಖಾನಿಗೆ ಒಯ್ದಾರ್ರಿ’ ಅಂದಳು. ಶಿಕ್ಷಕರು ಮೊದಲು ಹೇಳಿದ್ದು, ‘ಬಿದ್ದಿದ್ದಾರೆ ಅನ್ನು.’ ಅವಳು ಅಳ್ತಾನೇ ‘ಬಿದ್ದಿದ್ದಾರೆ’ ಅಂದಳು. ಆಮೇಲೆ ಅವರು ‘ಎಲ್ಲಿ’ ಅಂತ ಕೇಳಿದರು. ಮಗು ಬಾಯಿ ಬಿಟ್ಟರೆ ನಮ್ಮ ಶಾಲೆಗಳು ಮೊದಲು ಕೇಳೋದು ಅದು ಏನು ಹೇಳ್ತು ಅಂತಲ್ಲ, ಹೇಗೆ ಹೇಳ್ತು ಅಂತ. ಅದೇ ಶಿಕ್ಷಕರ ಸ್ವಂತ ಮಗಳು ಇಂಗ್ಲಿಷ್ ಮಾಧ್ಯಮದಲ್ಲಿ ಓದ್ತಾಳೆ. ಕನ್ನಡದ ಒಂದು ತಿಂಗಳ ಹೆಸರನ್ನೂ ಓದೋಕೆ ಬರಲ್ಲ.”

ಹಾಲಿನಲ್ಲಿ ಯಾರೂ ನಗಲಿಲ್ಲ. ಬಸಲಿಂಗವ್ವ ನಿಧಾನವಾಗಿ ಮಾಸ್ತರರ ಕಡೆ ತಿರುಗಿದಳು.

“ಅಂವಾ ಮಾಸ್ತರ ನೀವs ಏನ್ರಿ ಸರ?”

ಮಾಸ್ತರರು ಹೌದೆಂದು ತಲೆಯಾಡಿಸಿದರು.

“ನಾ ಕಟ್ಟೂ ಬಿಲ್ಡಿಂಗಿನ ಪರಾಂಚಿ ಮ್ಯಾಲಿಂದ ಬಿದ್ದ ದಿನ ನನ್ನ ಮಗಳಿಗಿ ಹೊಡದ್ರೇನ್ರಿ?”

“ಹೊಡದಿಲ್ಲವ್ವ. ತಿದ್ದೀನಿ.”

ಬಸಲಿಂಗವ್ವ ಸೆರಗು ಸರಿಮಾಡಿಕೊಂಡು ಎದ್ದು ಹೊರಟಳು. ಮಾಸ್ತರರು ಹಿಂದಿನಿಂದ ಸ್ಟೇಷನ್ನಿಗೆ ಹೋದಾಗ ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿ ಹೆಂಗಸರ ಡಬ್ಬಿ ಬರುವ ಕಡೆ ನಿಂತಿದ್ದಳು, ಇತ್ತ ನೋಡಲಿಲ್ಲ. ಅವರು ಮತ್ತೆ ಸಭಾಂಗಣಕ್ಕೆ ಬಂದರು. ಜನ ಕಾಫಿ ಕುಡಿಯುತ್ತಿದ್ದರು. ಧಾತ್ರಿ ಗುಂಪಿನಿಂದ ಬಿಡಿಸಿಕೊಂಡು ಹತ್ತಿರ ಬಂದಳು.

“ಸರ್, ನಿಮ್ಮ ಹೆಸರಾಗಲಿ ಶಾಲೆ ಹೆಸರಾಗಲಿ ಎಲ್ಲೂ ಬರೋದಿಲ್ಲ. ಅದು ನಮ್ಮ ನಿಯಮ. ಯಾರಿಗೂ ಗೊತ್ತಾಗಲ್ಲ.”

“ಆ ದಿನಾ ನಾನs ದವಾಖಾನಿಗೆ ಓಡಿಹೋಗಿ ರಕ್ತಾ ಕೊಟ್ಟಿದ್ದೆ. ನಿಮಗ ಗೊತ್ತಿತ್ತು.”

“ಗೊತ್ತಿತ್ತು ಸರ್.” ಅವಳ ಕಣ್ಣು ಒದ್ದೆಯಾದಂತೆ ಕಂಡಿತು. “ಅದು ಭಾಷೆಯ ವಿಷಯಕ್ಕೆ ಬರೋದಿಲ್ಲ.”

ಮನೆಗೆ ಬಂದ ಮಾಸ್ತರರು ಅವಳನ್ನು ಬೈಯಲು ಹೋದರು, ಆಗಲಿಲ್ಲ. ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಅದೇ ಅವರನ್ನು ಸುಡುತ್ತಿತ್ತು. ಇಡೀ ವರ್ಷ ಅಷ್ಟು ಹತ್ತಿರ ಕೂತಿದ್ದವಳು, ‘ಸರ್, ಹೀಗೆ ಮಾಡಬೇಡಿ’ ಎಂದು ಒಂದು ಸಲ ಅಂದಿದ್ದರೆ ಸಾಕಿತ್ತು. ಕೂತು ನೋಡಿದಳು, ಬರೆದುಕೊಂಡಳು, ರೊಟ್ಟಿ ತಿಂದು ಹೋದಳು.

ಸೋಮವಾರ ಫುಟ್‌ಪಟ್ಟಿಯನ್ನು ಕಪಾಟಿನಲ್ಲಿಟ್ಟು ವರ್ಗಕ್ಕೆ ಹೋದರು. “ನಿನ್ನೆ ಏನೇನಾತು, ನಿಮ್ಮ ಮಾತಿನ್ಯಾಗs ಹೇಳ್ರಿ” ಎಂದರು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾಸ್ತರರು ಯಾವುದೋ ಹೊಸ ಪರೀಕ್ಷೆ ಒಡ್ಡುತ್ತಿದ್ದಾರೆಂದು ತಿಳಿದು ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಸಾಬವ್ವ ಎದ್ದು ಏನೋ ಹೇಳಿದಳು. ಅವ್ವ ಬಂದ ಲೋಕಲಿನಲ್ಲಿ ಜನರ ಗರ್ದಿ ಇತ್ತಂತೆ, ಮನೆಗೆ ಬಂದು ಅತ್ತಳು, ಹೀಗೇನೋ. ಮಾಸ್ತರರ ಕಿವಿಗೆ ಪ್ರತಿ ಮಾತಿನ ಕೊನೆ ಮಾತ್ರ ಬೀಳುತ್ತಿತ್ತು, ತಿದ್ದಬಾರದೆಂದು ನಾಲಗೆ ಕಚ್ಚಿ ಹಿಡಿದಿದ್ದರು. ಅವಳು ಕೂತ ಮೇಲೆ ನೋಡಿದರೆ, ಅವಳು ಹೇಳಿದ್ದರಲ್ಲಿ ಅರ್ಧವೂ ಅವರ ತಲೆಗೆ ಹೋಗಿರಲಿಲ್ಲ. ಆಮೇಲಿನ ದಿನಗಳಲ್ಲಿ ಅವರು ಹಲಗೆಯ ಮೇಲೆ ಬರೆದು ಮಕ್ಕಳಿಂದ ನಕಲು ಮಾಡಿಸತೊಡಗಿದರು. ಮಾತಾಡುವ ಅಗತ್ಯವೇ ಇಲ್ಲ. ಅಷ್ಟೊಂದು ಗಲಾಟೆಯ ಕಟ್ಟಡದಲ್ಲಿ ಆ ಒಂದು ಮೂಲೆ ತಣ್ಣಗಾಯಿತು.

ಬೇಸಿಗೆಯಲ್ಲಿ ಟ್ರಸ್ಟಿನ ಕಾರ್ಯದರ್ಶಿ ಕಿಶೋರಣ್ಣ ಅವರನ್ನು ತಮ್ಮ ಹೋಟೆಲಿಗೆ ಕರೆಸಿ, ಫಿಲ್ಟರ್ ಕಾಫಿ ತರಿಸಿ ಎದುರು ಕೂರಿಸಿದರು.

“ನೋಡಿ ಮಾಸ್ಟ್ರೇ, ಕನ್ನಡ ವಿಭಾಗ ಮುಚ್ಚುದು ನಾವಾಗಿ ಹೇಳುದಲ್ಲ. ಮಾಟುಂಗದಲ್ಲಿ ಆ ಹುಡುಗಿ ಹೇಳಿದ್ದು ನಾನೂ ಕೇಳಿದ್ದೇನೆ. ಮಕ್ಕಳಿಗೆ ಪುಸ್ತಕದ ಕನ್ನಡ ತಲೆಗೆ ಹೋಗುದಿಲ್ಲ ಅಂತ. ಮತ್ತೆ ಎಂಥಕ್ಕೆ ಅವರಿಗೆ ಕಷ್ಟ ಕೊಡುದು? ಹಿಂದಿಯಾದರೆ ರೋಡಿನಲ್ಲೇ ಬರ್ತದೆ.”

“ಆಕಿ ಹಂಗ ಅಂದಿಲ್ರಿ. ಕಲಸೂ ರೀತಿ ಬದಲ್ ಮಾಡ್ರಿ ಅಂದಾಳ, ಸಾಲಿ ಮುಚ್ಚರಿ ಅಂದಿಲ್ಲ.” ತಾನು ಅವಳ ಪರವಾಗಿ ವಾದ ಮಾಡುತ್ತಿದ್ದೇನೆಂಬುದು ಮಾಸ್ತರರಿಗೆ ಹೇಳಿದ ಮೇಲೆ ಹೊಳೆಯಿತು.

“ಬದಲು ಮಾಡ್ಲಿಕ್ಕೆ ನಿಮಗೆ ಇನ್ನೆಷ್ಟು ಸರ್ವಿಸ್ ಉಂಟು?” ಎಂದರು ಕಿಶೋರಣ್ಣ, ಮೆತ್ತಗೆ. “ನಿಮ್ಮ ಸಂಬಳಕ್ಕೆ ತೊಂದರೆ ಮಾಡುದಿಲ್ಲ. ಆಫೀಸಿನಲ್ಲಿ ಇರಿ.”

ಜೂನ್‌ನಲ್ಲಿ ಮೇಲಿನ ಮಹಡಿಗೆ ಕಂಪ್ಯೂಟರುಗಳು ಬಂದವು. ಮಕ್ಕಳನ್ನು ಒಂದು ಮಹಡಿ ಕೆಳಗಿಳಿಸಿ ಹಿಂದಿ ವರ್ಗಗಳಲ್ಲಿ ಕೂರಿಸಿದರು. ಆರನೆಯ ಇಯತ್ತೆಗೆ ಬಂದಿದ್ದ ಸಾಬವ್ವ ಚಿಕ್ಕ ಮಕ್ಕಳ ನಡುವೆ ಕೂತು ಹಿಂದಿಯ ಅ, ಆ ತಿದ್ದುತ್ತಿದ್ದಳು. ಕೆಲವರು ಶಾಲೆ ಬಿಟ್ಟು ತಾಯಂದಿರ ಜೊತೆ ಕೆಲಸದ ಜಾಗಕ್ಕೇ ಹೋದರು. ಮಾಸ್ತರರು ಆಫೀಸಿನಲ್ಲಿ ಕೂತು ಯೂನಿಫಾರ್ಮು ಹಂಚುತ್ತಿದ್ದರು, ಮಧ್ಯಾಹ್ನ ಖಿಚಡಿಯ ಉಸ್ತುವಾರಿ ನೋಡುತ್ತಿದ್ದರು. ಅಲ್ಲಿ ಮರಾಠಿ ನಡೆಯುತ್ತಿತ್ತು. ಅವರ ಮರಾಠಿ ಕೇಳಿ ಗುಮಾಸ್ತರು ಒಮ್ಮೊಮ್ಮೆ ನಗುತ್ತಿದ್ದರು.

ದೀಪಾವಳಿಯ ರಜೆಗೆ ಮುಂಚೆ ಧಾತ್ರಿಯ ಫೋನು ಬಂತು. ಹೊರದೇಶದಿಂದ.

“ಸರ್, ಶಾಲೆ ವಿಷಯ ಕೇಳಿ ತುಂಬಾ ಬೇಜಾರಾಯ್ತು. ಅದಕ್ಕೇ ಇನ್ನೊಂದು ಅಧ್ಯಯನ ಮಾಡ್ತಿದೀನಿ. ಕನ್ನಡ ವಿಭಾಗ ಮುಚ್ಚಿದ ಮೇಲೆ ಆ ಮಕ್ಕಳ ಓದು ಏನಾಯ್ತು ಅಂತ. ಡಿಸೆಂಬರಿನಲ್ಲಿ ಬರ್ತೀನಿ. ನೀವು ಮತ್ತೆ ಮನೆಗಳಿಗೆ ಕರ್ಕೊಂಡು ಹೋಗಬೇಕು.”

ಕಿಟಕಿಯಾಚೆ ಅಂಗಳದಲ್ಲಿ ಮಕ್ಕಳು ತಾಟು ಹಿಡಿದು ಸಾಲು ನಿಂತಿದ್ದರು. ಸಾಬವ್ವ ನಲ್ಲಿಯ ಹತ್ತಿರ ಬಾಟಲಿ ತುಂಬಿಸುತ್ತಿದ್ದಳು. ಶಾಲೆ ಬಿಟ್ಟವರ ಖೋಲಿಗಳ ದಾರಿ, ಯಾರು ಯಾವ ಬಿಲ್ಡಿಂಗಿನ ಕೆಲಸಕ್ಕೆ ಹೋಗುತ್ತಾರೆಂಬುದು, ಎಲ್ಲ ಮಾಸ್ತರರಿಗೆ ಗೊತ್ತಿತ್ತು.

“ಎಲ್ಲಾ ಊರಿಗೆ ಹೋದ್ರವ್ವ” ಎಂದರು. “ಒಬ್ಬರೂ ಉಳಿದಿಲ್ಲ.”

“ಸಾಬವ್ವ?”

“ಆಕಿನೂ ಹೋದಳು.”

ಅವಳು, ಅವರ ಫೋನ್ ನಂಬರ್ ಆದರೂ ಇದೆಯಾ ಎಂದು ಕೇಳಿದಳು. ಇಲ್ಲ ಎಂದರು. ನಿಮ್ಮ ಓದು ಮುಗೀತೇನವ್ವ ಎಂದು ವಿಚಾರಿಸಿದರು. ಮುಗಿಯಿತು, ಅಲ್ಲೇ ಕೆಲಸ ಸಿಕ್ಕಿದೆ ಎಂದಳು. ಚಲೋ ಆತು ಎಂದು ಫೋನಿಟ್ಟು, ಖಿಚಡಿಯ ಪಾತ್ರೆ ಬಂತೆಂದು ಯಾರೋ ಕೂಗಿದ್ದರಿಂದ ಎದ್ದು ಹೊರಗೆ ಹೋದರು.