ಲಾಂಡ್ರಿಯಕ್ಕನ ತಾಳ

ಭಾನುವಾರ ಮಧ್ಯಾಹ್ನ ಆ ಬೀದಿಯ ಅಂಗಡಿಗಳೆಲ್ಲ ಬಾಗಿಲು ಎಳೆದುಕೊಂಡು ಮಲಗಿದ್ದರೆ ಲಾಂಡ್ರಿಯೊಳಗಿಂದ ಮಾತ್ರ ಢಂಢಂ ಸದ್ದು ಬರುತ್ತಿತ್ತು. ಯಾರೋ ಹೊಡೆದಾಡುತ್ತಿದ್ದಾರೆಂದು ದಾರಿಹೋಕರು ಇಣುಕಿ ನೋಡಿದ್ದೂ ಉಂಟು. ಹೊಡೆದಾಟವಲ್ಲ, ಸಂಗೀತ. ಅದೂ ಸ್ವಂತದ್ದಲ್ಲ. ಯಾರೋ ಕಟ್ಟಿ, ಯಾರೋ ಹಾಡಿ, ಎಂದೋ ಹೆಸರು ಮಾಡಿದ ಹಾಡುಗಳನ್ನು ನಾಲ್ವರು ಗೆಳೆಯರು ತಮ್ಮ ಕೈಲಾದಷ್ಟು ಚೆನ್ನಾಗಿ, ಒಮ್ಮೊಮ್ಮೆ ಕೈಲಾದಷ್ಟು ಕೆಟ್ಟದಾಗಿ ನುಡಿಸುತ್ತಿದ್ದರು.

ನಾಲ್ವರೂ ಒಂದೇ ಶಾಲೆಯಲ್ಲಿ ಓದಿದವರು. ಗಿಟಾರಿನವನು ಹಲ್ಲಿನ ಡಾಕ್ಟರು, ತಂಡದ ಯಜಮಾನ. ಯಾರೂ ಮಾಡಿದ್ದಲ್ಲ, ತಾನೇ ಆಗಿಕೊಂಡದ್ದು. ಹಾಡುವವಳು ಗಣಿತದ ಟೀಚರು. ಕೀಬೋರ್ಡಿಗೆ ಬೇಕರಿಯವನು, ಅವನು ಮುಟ್ಟಿದ ಕೀಲಿಗಳ ಮೇಲೆಲ್ಲ ಮೈದಾಹಿಟ್ಟಿನ ಬೆರಳಚ್ಚು. ಡ್ರಮ್ಸಿಗೆ ಅಂಗಡಿಯ ಒಡತಿ. ಗಿರಾಕಿಗಳಿಗೆ ಅವಳು ಲಾಂಡ್ರಿಯಕ್ಕ, ಗೆಳೆಯರಿಗೆ ಎಕ್ಸ್‌ಪ್ರೆಸ್ಸು.

ಆ ಹೆಸರು ಬಂದದ್ದು ಹೊಗಳಿಕೆಗಲ್ಲ. ತಂಡದ ಹೆಮ್ಮೆಯ ಹಾಡೊಂದಿತ್ತು. ಬಲು ನಿಧಾನದ್ದು, ಕೇಳಿದವರ ಕಣ್ಣು ಒದ್ದೆಯಾಗಬೇಕಾದದ್ದು. ಟೀಚರ ಗಂಟಲು ತೆರೆಯುವುದೇ ತಡವಾಗಿ, ಆದ್ದರಿಂದ ಅದನ್ನು ಯಾವಾಗಲೂ ಕೊನೆಗೆ ಎತ್ತಿಕೊಳ್ಳುತ್ತಿದ್ದರು. ಶುರುವೇನೋ ಚೆನ್ನಾಗಿಯೇ ಆಗುತ್ತಿತ್ತು. ಎರಡನೇ ಚರಣ ದಾಟಿದ ಮೇಲೆ ಏನು ಮೈಮೇಲೆ ಬರುತ್ತಿತ್ತೋ, ಹಾಡು ಬಸ್ಸು ತಪ್ಪಿದವರ ಹಾಗೆ ಓಡತೊಡಗುತ್ತಿತ್ತು. ಅಳಬೇಕಾದ ಕಡೆ ಕುಣಿಯಬೇಕೆನಿಸುತ್ತಿತ್ತು. ತಾಳ ಯಾರ ಕೈಯಲ್ಲಿ? ಲಾಂಡ್ರಿಯಕ್ಕನ ಕೈಯಲ್ಲಿ. ಅಂದಮೇಲೆ ತಪ್ಪು ಯಾರದು? ಇನ್ನು ಕೇಳಬೇಕೇ!

ಪ್ರಾಕ್ಟೀಸು ಇಲ್ಲೇ ನಡೆಯುವುದಕ್ಕೆ ಕಾರಣವಿತ್ತು. ತೂಗುಹಾಕಿದ ಕೋಟು, ಕಂಬಳಿಗಳು ಸದ್ದನ್ನು ಅಷ್ಟಿಷ್ಟು ನುಂಗುತ್ತಿದ್ದವು. ಡ್ರಮ್ಸಿನ ಬೆನ್ನಿಗೇ ಅಂಗಡಿಯ ಅತಿ ದೊಡ್ಡ ವಾಷಿಂಗ್ ಮೆಷಿನ್ನು ನಿಂತಿತ್ತು. ಮನೆಯವರು ಅದನ್ನು ದೊಡ್ಡಣ್ಣ ಎಂದೇ ಕರೆಯುತ್ತಿದ್ದರು. ಭಾನುವಾರ ಎಲ್ಲರಿಗೂ ರಜೆ, ದೊಡ್ಡಣ್ಣನಿಗಿಲ್ಲ. ಸೋಮವಾರ ಬೆಳಗ್ಗೆ ಹೋಟೆಲಿನ ಬೆಡ್‌ಶೀಟುಗಳು ಹೋಗಲೇಬೇಕು. ಹಾಗಾಗಿ ಅವಳು ಶೀಟುಗಳನ್ನು ತುಂಬಿ, ಗುಂಡಿ ಒತ್ತಿ, ಆಮೇಲೆ ಡ್ರಮ್ಸಿಗೆ ಕೂರುವುದು ಪದ್ಧತಿ. ಗಂಡ ಆ ಹೊತ್ತಿಗೆ ಸರಿಯಾಗಿ ವ್ಯಾನು ಹತ್ತಿ ಬಟ್ಟೆ ಕೊಡಲು ಹೋಗಿಬಿಡುತ್ತಿದ್ದ, ಜಾಣ. ಅತ್ತೆ ಮಾತ್ರ ಕೌಂಟರಿನ ಹಿಂದೆ ಕೂತು, ಕಿತ್ತುಹೋದ ಗುಂಡಿ ಹೊಲಿಯುತ್ತ, ಮುಖ ಗಂಟಿಕ್ಕಿಕೊಂಡು ಎಲ್ಲವನ್ನೂ ಕೇಳುತ್ತಿದ್ದರು.

ಶಾಲೆಯ ಹಳೇ ವಿದ್ಯಾರ್ಥಿಗಳ ಕೂಟದಲ್ಲಿ ನುಡಿಸಿ ಎಂದು ತಂಡಕ್ಕೆ ಕರೆ ಬಂದಾಗ ಲಾಂಡ್ರಿಯಕ್ಕನಿಗೆ ಸ್ವರ್ಗ ಮೂರೇ ಗೇಣು. ಆ ಶಾಲೆಯ ಸಭಾಂಗಣದಲ್ಲಿ ಅವಳು ವರ್ಷವರ್ಷವೂ ಪರದೆ ಎಳೆಯುವ ಹಗ್ಗ ಹಿಡಿದು ನಿಂತವಳು. ಒಂದು ಸಲವೂ ಪರದೆಯ ಮುಂದೆ ಬಂದವಳಲ್ಲ. ಈ ಸಲ ಹಗ್ಗ ಬೇರೆ ಯಾರಾದರೂ ಎಳೆಯಲಿ, ತಾನು ವೇದಿಕೆಯ ನಡುವೆ ಕೂರಬೇಕು. ಅವಳಿಗೆ ಬೇಕಾದದ್ದು ಅಷ್ಟೇ.

ಅಷ್ಟರಲ್ಲಿ ಡಾಕ್ಟರು ಒಂದು ಭಾನುವಾರ ಕಂಕುಳಲ್ಲಿ ಪೆಟ್ಟಿಗೆ ಇಟ್ಟುಕೊಂಡು ಬಂದ. ತಾನಾಗೇ ತಾಳ ಹಾಕುವ ಯಂತ್ರ. ಸದ್ದು ಬೇಡವೆಂದರೆ ಕೆಂಪು ದೀಪ ಮಿನುಗಿಸಿ ತಾಳ ತೋರಿಸುತ್ತದೆ.

"ಬೇಜಾರು ಮಾಡ್ಕೋಬೇಡ ಕಣೇ," ಎಂದ, ಹಲ್ಲು ಕೀಳುವ ಮೊದಲು ಹೇಳುವ ದನಿಯಲ್ಲೇ. "ಫಂಕ್ಷನ್ ದಿನ ತಾಳ ಇದು ನೋಡ್ಕೊಳ್ಳುತ್ತೆ. ನೀನು ಪಕ್ಕದಲ್ಲಿ ನಿಂತ್ಕೊಂಡು ಗಿಲಕಿ ಆಡಿಸು."

"ಗಿಲಕೀನಾ? ನಾನೇನು ಮಗು ಮಲಗಿಸೋಕೆ ಬರ್ತಿದೀನಾ?"

ಟೀಚರು ನೆಲ ನೋಡಿದಳು. ಬೇಕರಿಯವನು ಇಲ್ಲದ ಕೆಮ್ಮು ಕೆಮ್ಮಿದ. ಇಬ್ಬರಿಗೂ ಮೊದಲೇ ಗೊತ್ತಿತ್ತೆಂದು ಅವಳಿಗೆ ತಿಳಿದುಹೋಯಿತು. ಅತ್ತೆ ಬೇರೆ ಕೌಂಟರಿನಿಂದಲೇ ಒಗ್ಗರಣೆ ಹಾಕಿದರು: "ಇವಳಿಗೆ ಎಲ್ಲದರಲ್ಲೂ ಅವಸರ. ಹಾಲಿಟ್ಟರೂ ಕಾಯೋ ಮೊದಲೇ ಇಳಿಸ್ತಾಳೆ."

"ಮುಂದಿನ ಭಾನುವಾರ," ಎಂದಳು ಲಾಂಡ್ರಿಯಕ್ಕ. "ನಿನ್ನ ದೀಪ ಹಚ್ಚಿಡು. ಹಾಡು ಪೂರ್ತಿ ಅದರ ಜೊತೆ ಬಾರಿಸ್ತೀನಿ. ತಪ್ಪಿದ್ರೆ ಗಿಲಕಿ ಕೊಡು, ಬಾಯಿ ಮುಚ್ಕೊಂಡು ಆಡಿಸ್ತೀನಿ."

ಹೇಳಿದ್ದೇನೋ ಹೇಳಿಬಿಟ್ಟಳು. ಆದರೆ ಯಾಕೆ ಓಡುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲವಲ್ಲ!

ಗೊತ್ತಾದದ್ದು ಬುಧವಾರ. ನಿಂತು ದಿಂಬಿನ ಚೀಲ ಮಡಿಸುತ್ತಿದ್ದಳು, ಬಾಯಲ್ಲಿ ಅದೇ ಹಾಡಿನ ಗುನುಗು, ಕಾಲಲ್ಲಿ ತಾಳ. ಹಿಂದೆ ದೊಡ್ಡಣ್ಣ ದಡ್ ದಡ್ ಎಂದು ಸಾವಕಾಶವಾಗಿ ಒಗೆಯುತ್ತಿದ್ದ. ಸ್ವಲ್ಪ ಹೊತ್ತಿಗೆ ಒಗೆಯುವುದು ಮುಗಿದು ಹಿಂಡುವುದು ಶುರುವಾಯಿತು. ದಡದಡ ಎನ್ನುತ್ತ ಮೆಷಿನ್ನು ಬಿರುಸಾಯಿತು, ನೆಲ ಅದುರಿತು. ನೋಡುತ್ತಾಳೆ, ತನ್ನ ಕಾಲೂ ಬಿರುಸಾಗಿದೆ! ಗುನುಗೂ ಓಡುತ್ತಿದೆ, ಕೈಯಲ್ಲಿ ದಿಂಬಿನ ಚೀಲಗಳು ಪಟಪಟ ಮಡಿಕೆಯಾಗುತ್ತಿವೆ.

"ಅಯ್ಯೋ ನನ್ನ ಬುದ್ಧಿಗಿಷ್ಟು!" ಎಂದು ಗಟ್ಟಿಯಾಗಿ ನಕ್ಕುಬಿಟ್ಟಳು. ಸೂಟು ಕೊಡಲು ಬಂದ ಗಿರಾಕಿ ಬೆಚ್ಚಿಬಿದ್ದ.

ಇಷ್ಟು ವರ್ಷ ಮೆಷಿನ್ನುಗಳ ನಡುವೆ ಬದುಕಿದವಳು. ಅವುಗಳ ಸದ್ದು ಅವಳ ಕಿವಿಗೆ ಬೀಳುತ್ತಲೇ ಇರಲಿಲ್ಲ, ನೇರ ಕಾಲಿಗೇ ಇಳಿಯುತ್ತಿತ್ತು. ಪ್ರತಿ ಭಾನುವಾರ ಕೊನೆಯ ಹಾಡಿನ ಹೊತ್ತಿಗೇ ದೊಡ್ಡಣ್ಣ ಹಿಂಡಲು ತೊಡಗುತ್ತಿದ್ದ. ಮೆಷಿನ್ನು ನಿಲ್ಲಿಸಿದರೆ ಮುಗಿಯಿತಲ್ಲ ಎಂದು ಮೊದಲು ಅನ್ನಿಸಿತು. ಮರುಗಳಿಗೆಗೆ ಅವಳ ಸ್ವಾಭಿಮಾನ ತಲೆಯೆತ್ತಿತು. ನಿಲ್ಲಿಸಿ ಗೆದ್ದರೆ ಅದೂ ಒಂದು ಗೆಲುವೇ? ಅದು ಓಡಲಿ, ನಾನು ಓಡುವುದಿಲ್ಲ.

ಅಂದಿನಿಂದ ದೊಡ್ಡಣ್ಣ ಹಿಂಡಲು ಶುರುಮಾಡಿದಾಗಲೆಲ್ಲ ಅವಳು ಎರಡು ಮರದ ಹ್ಯಾಂಗರು ಹಿಡಿದು ಅದರೆದುರು ನಿಂತಳು. ಅದು ದಡದಡ ಎಂದರೆ ಇವಳು ಟಕ್... ಟಕ್... ಎಂದು ನಿಧಾನ. ಮೊದಮೊದಲು ಕಾಲು ಕೈಕೊಟ್ಟಿತು. ಹಟಕ್ಕೆ ಬಿದ್ದಳು. ಶುಕ್ರವಾರ ತಾಳ ಅರ್ಧ ಹಾಡಿನವರೆಗೆ ಕೈತಪ್ಪದೆ ನಿಂತಿತು, ಶನಿವಾರ ಮುಕ್ಕಾಲು. ಪೂರ್ತಿ ಹಾಡು ಒಮ್ಮೆಯೂ ದಕ್ಕಲಿಲ್ಲ. ಗೆಳೆಯರಿಗೆ ಒಂದಕ್ಷರ ಬಾಯಿಬಿಡಲಿಲ್ಲ.

ಭಾನುವಾರ ಬಂತು. ಎಂದಿನಂತೆ ದೊಡ್ಡಣ್ಣನಿಗೆ ಶೀಟು ತುಂಬಿಯಾಯಿತು, ಬೇರೆ ಹಾಡುಗಳೆಲ್ಲ ಮುಗಿದು ಕೊನೆಯದರ ಸರದಿ ಬಂತು. ದೀಪ ನೋಡಿ ತೀರ್ಪು ಕೊಡುವವರು ಯಾರು?

"ಅತ್ತೆ ನೋಡ್ಲಿ," ಎಂದಳು ಲಾಂಡ್ರಿಯಕ್ಕ.

ಎಲ್ಲರೂ ಒಪ್ಪಿದರು. ಮದುವೆಯಾದಂದಿನಿಂದ ಒಮ್ಮೆಯೂ ಸೊಸೆಯ ಪರ ಮಾತಾಡದ ಹೆಂಗಸು. ಅವರಿಗಿಂತ ನಿಷ್ಪಕ್ಷಪಾತಿ ಎಲ್ಲಿ ಸಿಗಬೇಕು? ಅತ್ತೆ ಕನ್ನಡಕ ಒರೆಸಿಕೊಂಡು, ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು, ಕೆಂಪು ದೀಪ ತಮಗೊಬ್ಬರಿಗೇ ಕಾಣುವಂತೆ ಕೂತರು. ಶುರುವಿಗೆ ಮಾತ್ರ ನಾಲ್ಕು ಏಟಿನ ಸದ್ದು ಕೇಳಿಸಿ, ಆಮೇಲೆ ಪೆಟ್ಟಿಗೆ ಬರೀ ದೀಪ ಮಿನುಗಿಸಿತು.

ಮೊದಲ ಚರಣ ಸರಾಗವಾಗಿ ಹೋಯಿತು. ಎರಡನೆಯದೂ ಹೋಯಿತು. ಆಗ ಬೆನ್ನ ಹಿಂದೆ ದೊಡ್ಡಣ್ಣ ಗುಡುಗಿದ. ನೆಲ ಅದುರಿತು, ಕೂತ ಸ್ಟೂಲು ಅದುರಿತು. ಅವಳ ಬಲಗಾಲು ಓಡಲು ಹವಣಿಸಿತು. 'ಬಿಡಲ್ಲ,' ಎಂದು ಹಲ್ಲು ಕಚ್ಚಿದಳು. ಬೆವರು ಹುಬ್ಬಿನಿಂದ ಕಣ್ಣಿಗಿಳಿಯಿತು, ಒರೆಸಿಕೊಳ್ಳಲಿಲ್ಲ. ಮುಕ್ಕಾಲು ಹಾಡು ದಾಟಿತು. ನಿನ್ನೆ ಮುಗ್ಗರಿಸಿದ ಜಾಗ ಬಂತು, ಹೋಯಿತು. ಕಾಲು ಅವಳ ಮಾತು ಕೇಳಿತು!

ಅಷ್ಟರಲ್ಲಿ ಏನೋ ಎಡವಟ್ಟಾಯಿತು. ಟೀಚರ ಸಾಲು ಇವಳ ಏಟಿಗಿಂತ ಮೊದಲೇ ಬಂದು ಬಿತ್ತು. ಬೇಕರಿಯವನ ಬೆರಳುಗಳು ಮುಂದೆ ಮುಂದೆ ಜಾರಿದವು. ಡಾಕ್ಟರ ಗಿಟಾರಂತೂ ಲಗಾಮು ಕಿತ್ತುಕೊಂಡು ಓಡಿತು. ಕೊನೆಗೆ ಮೂವರೂ ಹಾಡು ಮುಗಿಸಿ ಮಿಕಮಿಕ ನೋಡುತ್ತ ನಿಂತಾಗ ಲಾಂಡ್ರಿಯಕ್ಕ ಒಬ್ಬಳೇ ಕೊನೆಯ ಸಾಲನ್ನು ಸಮಾಧಾನವಾಗಿ ಬಾರಿಸಿ ಮುಗಿಸಿದಳು. ಹಿಂದೆಯೇ ದೊಡ್ಡಣ್ಣ ಟಕ್ ಎಂದು ನಿಂತ.

"ನೋಡಿದ್ರಾ?" ಎಂದ ಡಾಕ್ಟರು. "ಈ ಸಲ ಹಿಂದೆ ಉಳಿದ್ಲು!"

ಅತ್ತೆ ಕನ್ನಡಕ ತೆಗೆದರು.

"ಹಿಂದೂ ಇಲ್ಲ, ಮುಂದೂ ಇಲ್ಲ. ದೀಪ ಬಂದಾಗ ಇವಳ ಏಟು, ಏಟು ಬಿದ್ದಾಗ ದೀಪ. ಓಡಿದ್ದು ನೀವು ಮೂರು ಜನ. ನೀನಂತೂ ಎಲ್ಲರಿಗಿಂತ ಮೊದಲು ಓಡ್ದೆ."

ಲಾಂಡ್ರಿಯಕ್ಕ ಮೆಷಿನ್ನಿನ ಗುಟ್ಟು ಬಿಚ್ಚಿಟ್ಟಳು. ಆ ಹಾಡನ್ನು ನಾಲ್ವರೂ ಕಲಿತದ್ದು ಇದೇ ನೆಲದ ಮೇಲೆ, ಇದೇ ಅದುರಿನಲ್ಲಿ. ಇಷ್ಟು ದಿನ ಎಲ್ಲರ ಕಾಲನ್ನೂ ಹಿಡಿದು ಎಳೆದವನು ದೊಡ್ಡಣ್ಣ, ಬೈಸಿಕೊಂಡವಳು ಇವಳು. ಟೀಚರು ಬಂದು ಅವಳನ್ನು ತಬ್ಬಿಕೊಂಡಳು. ಬೇಕರಿಯವನು, "ತಪ್ಪಾಯ್ತು ಕಣೇ, ನಾಳೆ ದೊಡ್ಡ ಕೇಕು ತರ್ತೀನಿ," ಎಂದ. ಡಾಕ್ಟರ ಕಿವಿ ಕೆಂಪಾಗಿತ್ತು.

"ಗಿಲಕಿ ಎಲ್ಲಿ?" ಎಂದಳು ಲಾಂಡ್ರಿಯಕ್ಕ.

ಡಾಕ್ಟರು ಪೆಚ್ಚುಮುಖ ಹಾಕಿಕೊಂಡು ಚೀಲದಿಂದ ತೆಗೆದುಕೊಟ್ಟ. ಅವಳು ಅದನ್ನು ಎರಡು ಸಲ ಆಡಿಸಿ ಅವನ ಕೋಟಿನ ಜೇಬಿಗೇ ತುರುಕಿದಳು. "ಇಟ್ಕೊಳಪ್ಪಾ ಎಕ್ಸ್‌ಪ್ರೆಸ್ಸು. ಬಾ, ಮೊದಲಿಂದ ನುಡಿಸೋಣ. ಎಲ್ಲರೂ ನನ್ನ ಕಾಲು ನೋಡಿ."

ಶಾಲೆಯ ಸಭಾಂಗಣದ ಪರದೆ ಸರಿಯುವುದು, ತಾನು ನಡುವೆ ಕೂತಿರುವುದು ಅವಳ ಕಣ್ಣಿಗೆ ಕಟ್ಟಿದಂತಿತ್ತು. ಕೋಲೆತ್ತಿದಳು. ಅಷ್ಟರಲ್ಲಿ ಅತ್ತೆ, "ತಡಿ ಸ್ವಲ್ಪ," ಎಂದರು.

ಎದ್ದು ಹೋಗಿ ತಾಳದ ಪೆಟ್ಟಿಗೆಯ ಪ್ಲಗ್ಗನ್ನು ಗೋಡೆಯಿಂದ ಕಿತ್ತರು.

"ಇದಿನ್ನು ಯಾಕೆ, ಕರೆಂಟು ದಂಡ," ಎಂದು ವೈರು ಸುತ್ತಿಟ್ಟು, ಕುರ್ಚಿಯನ್ನು ಡ್ರಮ್ಸಿನ ಹತ್ತಿರಕ್ಕೆ ಎಳೆದುಕೊಂಡು ಕೂತರು. "ಹ್ಞೂಂ, ಬಾರಿಸಮ್ಮ."