ಕಾಲಲ್ಲಿ ನಿಲ್ಲಿಸಿದ ಸೈಕಲ್

ಕಳೆದ ವರ್ಷ ದೀಪಾವಳಿಗೆ ಇನ್ನೂ ನಾಲ್ಕು ದಿನ ಇತ್ತು. ಹೆದ್ದಾರಿಯಿಂದ, ಅಂಕೋಲಾ ಹತ್ತಿರದ ಹಾರವಾಡದ ನಮ್ಮ ಮನೆಯ ಕಡೆ ಇಳಿಯುವ ರಸ್ತೆಯಲ್ಲಿ ನನ್ನ ಸೈಕಲ್ಲಿಗಿದ್ದ ಒಂದೇ ಒಂದು ಬ್ರೇಕು ಕೈಕೊಟ್ಟಿತು. ಅಂದು ನಡೆದದ್ದನ್ನು ಹೇಳುವ ಮೊದಲು ನನ್ನ ಬಲಗೈಯ ವಿಷಯ ಹೇಳಬೇಕು. ಇಲ್ಲದಿದ್ದರೆ ಒಂದೇ ಬ್ರೇಕಿನ ಸೈಕಲ್ ಹತ್ತಿದ ಇವನೆಂಥ ಮನುಷ್ಯ ಎಂದು ಓದುವವರಿಗೆ ಅನಿಸಬಹುದು.

ನಾವು ಮೀನುಗಾರರು. ಹದಿನೆಂಟು ವರ್ಷ ನಾನು ಬೋಟಿನಲ್ಲಿ ದುಡಿದೆ. ಮೂರು ವರ್ಷದ ಹಿಂದೆ ಒಂದು ದಿನ ಬಲೆ ಎಳೆಯುವಾಗ ಹಗ್ಗ ಸುತ್ತುವ ಯಂತ್ರಕ್ಕೆ ಬಲಗೈ ಸಿಕ್ಕಿತು. ಕಾರವಾರದ ಆಸ್ಪತ್ರೆಯಲ್ಲಿ ಕೈ ಉಳಿಸಿಕೊಟ್ಟರು, ಮೂರು ಬೆರಳು ಹೋದವು. ಉಳಿದಿರುವುದು ಹೆಬ್ಬೆರಳು ಮತ್ತು ತೋರುಬೆರಳು. ಅವೂ ಗಟ್ಟಿಯಾಗಿ ಮಡಚುವುದಿಲ್ಲ. ಚಹಾದ ಲೋಟ ಹಿಡಿಯಬಹುದು, ಹಗ್ಗ ಹಿಡಿಯಲು ಆಗುವುದಿಲ್ಲ.

ಗುಣವಾದ ಮೇಲೆ ಅಂಕೋಲಾ ಪೇಟೆಯಲ್ಲಿ ಬಲೆ, ಹಗ್ಗ ಮಾರುವ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತು. ಕೆಲಸ ಹಗುರ, ಹೋಗಿಬರುವುದೇ ಕಷ್ಟ. ಸ್ಕೂಟರಿನ ವೇಗವೆಲ್ಲ ಬಲಗೈಯಲ್ಲೇ ಇರುತ್ತದೆ, ಅದು ನನಗೆ ಆಗದು. ಬಸ್ಸಿಗೆ ಹೆದ್ದಾರಿಯವರೆಗೆ ನಡೆಯಬೇಕು. ದಿನಾ ಯಾರದ್ದಾದರೂ ಬೈಕಿನ ಹಿಂದೆ ಕೂತು ಹೋಗುತ್ತಿದ್ದೆ. ಯಾರೂ ಬೇಡ ಎನ್ನಲಿಲ್ಲ. ಆದರೆ ನಾನು ರಸ್ತೆಯ ಬದಿಗೆ ನಿಂತದ್ದು ಕಂಡರೆ ಕೆಲವರು ಫೋನು ಕಿವಿಗಿಟ್ಟುಕೊಂಡು ಮುಂದೆ ಹೋಗಲು ಶುರು ಮಾಡಿದರು. ಅದು ನನಗೆ ಚುಚ್ಚುತ್ತಿತ್ತು.

ಅಂಕೋಲಾ ಪೇಟೆಗೆ ತಾಗಿದ ಬೊಬ್ರುವಾಡದಲ್ಲಿ ಬೊಮ್ಮಯ್ಯಣ್ಣ ಎಂಬವರ ಸೈಕಲ್ ರಿಪೇರಿ ಅಂಗಡಿ ಇದೆ. ವಯಸ್ಸು ಎಪ್ಪತ್ತರ ಹತ್ತಿರ. ಒಂದು ದಿನ ಅವರ ಮುಂದೆ ನನ್ನ ಹಳೇ ಸೈಕಲ್ ಮಾರುವ ಮಾತು ತೆಗೆದೆ. ಅವರು ನನ್ನ ಕೈ ಹಿಡಿದು, ತಿರುಗಿಸಿ ನೋಡಿದರು.

"ಮಾರುದ್ ಎಂತಕ್ಕೆ? ಕಾಲು ಸಮಾ ಇದ್ಯಲ್ಲ?"

"ಕಾಲು ಇದ್ರೆ ಏನ್ ಮಾಡುದು ಬೊಮ್ಮಯ್ಯಣ್ಣ? ಬ್ರೇಕು ಹಿಡೀಬೇಕಲ್ಲ. ಎಡಗೈಲಿ ಒಂದೇ ಹಿಡುದ್ರೆ ಇಳುಕಲಲ್ಲಿ ನಿಲ್ಲುದಿಲ್ಲ."

"ನಿಲ್ತದೆ. ನಾ ಮಾಡ್ಕೊಡ್ತೆ. ನಾಳಿಗೆ ತಕ್ಕಂಡ್ ಬಾ."

ಬೊಮ್ಮಯ್ಯಣ್ಣ ಹರೆಯದಲ್ಲಿ ವಿಜಯಪುರದ ಕಡೆ ಕೆಲಸ ಮಾಡಿದವರು. ಅಲ್ಲಿ ಸ್ಪರ್ಧೆಗೆ ಹೋಗುವವರ ಸೈಕಲ್ಲುಗಳಿಗೆ ಬ್ರೇಕೇ ಇರುವುದಿಲ್ಲವಂತೆ. ಕಾಲು ನಿಲ್ಲಿಸಿದರೂ ಚಕ್ರ ತಿರುಗಲು ಬಿಡುವ ಫ್ರೀವೀಲು ಹಿಂದಿನ ಚಕ್ರದಲ್ಲಿ ಇಲ್ಲದೆ ಪೆಡಲು ಚಕ್ರಕ್ಕೇ ಕಟ್ಟಿಹಾಕಿದ ಹಾಗೆ ಇರುತ್ತದಂತೆ. ಅವರು ಹುಬ್ಬಳ್ಳಿಯಿಂದ ಚಕ್ರದ ನಡುವೆ ಕೂರುವ ಬೇರೆ ಹಬ್ಬು ತರಿಸಿ ನನ್ನ ಸೈಕಲ್ಲನ್ನು ಅದೇ ರೀತಿ ಮಾಡಿಕೊಟ್ಟರು. ಮುಂದಿನ ಚಕ್ರಕ್ಕೆ ಮಾತ್ರ ಒಂದು ಬ್ರೇಕು ಇಟ್ಟು, ಅದರ ಹಿಡಿಕೆಯನ್ನು ಎಡಗೈಗೆ ತಂದರು. ಪಾದ ಜಾರದ ಹಾಗೆ ಪೆಡಲಿಗೆ ಚರ್ಮದ ಪಟ್ಟಿ ಹಾಕಿದರು.

"ಸಮಾ ಕೇಳ್ಕ ತಮ್ಮ," ಎಂದರು. "ಚಕ್ರ ತಿರುಗುವಷ್ಟು ಹೊತ್ತೂ ಪೆಡ್ಲು ತಿರುಗ್ತದೆ. ಇಳುಕಲ್ ಬಂತು ಅಂತ ಕಾಲು ಸುಮ್ನೆ ಇಟ್ರೆ ಅದೇ ನಿನ್ನ ಎತ್ತಿ ಒಗೀತದೆ. ನಿಲ್ಸಬೇಕು ಅಂದ್ರೆ ಪೆಡ್ಲು ಮೇಲೆ ಬರುವಾಗ ಅದನ್ನ ಹಿಂದಕ್ಕೆ ಒತ್ತು. ಒಂದೇ ಸಲ ಅಲ್ಲ. ಮೆಲ್ಲಗೆ, ಮೆಲ್ಲಗೆ."

ನಾನು ತಲೆಯಾಡಿಸಿ ಅಲ್ಲೇ ಹತ್ತಿದೆ. ಹತ್ತು ಮಾರು ಹೋಗುವುದರೊಳಗೆ ಹಳೇ ಅಭ್ಯಾಸದಂತೆ ಕಾಲು ನಿಲ್ಲಿಸಿಬಿಟ್ಟೆ. ಅವರು ಹೇಳಿದಂತೆಯೇ ಸೈಕಲ್ಲು ನನ್ನನ್ನು ಎತ್ತಿ ಒಗೆಯಿತು. ಪಕ್ಕದ ಚಹಾದಂಗಡಿಯಲ್ಲಿ ಕೂತವರೆಲ್ಲ ಎದ್ದು ನಿಂತರು. ಬೊಮ್ಮಯ್ಯಣ್ಣ ಮಾತ್ರ ಕೂತಲ್ಲಿಂದ ಏಳದೆ, "ಆತು, ಒಂದು ಪಾಠ ಮುಗೀತು," ಎಂದರು.

ಮುಂದಿನ ಪಾಠಗಳು ನಮ್ಮ ಊರ ಕಡಲ ದಂಡೆಯಲ್ಲಿ ನಡೆದವು. ನೀರು ಇಳಿದಾಗ ಅಲ್ಲಿ ಮರಳು ಗಟ್ಟಿಯಾಗಿರುತ್ತದೆ, ಬಿದ್ದರೂ ಮೂಳೆ ಮುರಿಯುವುದಿಲ್ಲ. ಮೂರು ಭಾನುವಾರ ಅವರೇ ಬಸ್ಸು ಹತ್ತಿ ಬಂದರು. ಕೋಲಿನಿಂದ ಮರಳಿನಲ್ಲಿ ಗೆರೆ ಎಳೆದು, ಬ್ರೇಕು ಮುಟ್ಟದೆ ಗೆರೆಯ ಈಚೆಗೆ ನಿಲ್ಲಿಸು ಎನ್ನುತ್ತಿದ್ದರು. ಮೊದಲ ದಿನ ಗೆರೆ ದಾಟಿ ಎಲ್ಲೋ ಹೋಗುತ್ತಿದ್ದೆ. ಮೂರನೆಯ ಭಾನುವಾರ ಗೆರೆಗೆ ಒಂದು ಗೇಣು ಇರುವಾಗ ನಿಂತೆ. ಕಡೆಗೆ, ಅವಸರ ಬಂದರೆ ಏನು ಮಾಡಬೇಕೆಂದೂ ಕಲಿಸಿದರು. ಸೀಟಿನಿಂದ ಎದ್ದು ಮೈಯ ಭಾರ ಮುಂದಕ್ಕೆ ತರಬೇಕು, ಆಗ ಹಿಂದಿನ ಚಕ್ರ ಹಗುರವಾಗುತ್ತದೆ. ಆ ಕ್ಷಣಕ್ಕೆ ಎರಡೂ ಕಾಲು ಬಿಗಿ ಹಿಡಿದರೆ ಚಕ್ರ ತಿರುಗದೆ ಜಾರುತ್ತದೆ. ಮತ್ತೆ ಬಿಟ್ಟು, ಮತ್ತೆ ಹಿಡಿಯಬೇಕು.

"ಇದು ತಮಾಷೆಗಲ್ಲ ಮತ್ತೆ," ಎಂದು ಬೆರಳು ತೋರಿಸಿ ಹೇಳಿದರು. "ದಿನಾ ಬ್ರೇಕನ್ನೇ ಹಿಡಿ. ಉಪ್ಪುನೀರು ತಾಗಿದೆ, ಮನೀಗೆ ಹೋಗಿ ಸಿಹಿನೀರಲ್ಲಿ ತೊಳಿ. ಮಳೆಗಾಲ ಮುಗಿದ ಕೂಡ್ಲೆ ಬ್ರೇಕಿನ ವೈರು ಬದಲ್ಸು."

ಎಲ್ಲ ಕಲಿತೆ. ವೈರು ಬದಲಿಸುವುದೊಂದನ್ನು ಬಿಟ್ಟೆ.

ನನ್ನ ಹೆಂಡತಿ ಸುನಂದಾ ಮೀನು ಮಾರುತ್ತಾಳೆ. ಅವಳಿಗೆ ಆ ಸೈಕಲ್ ಕಂಡರೆ ಆಗುತ್ತಿರಲಿಲ್ಲ. "ಸಮುದ್ರ ಅರ್ಧ ಕೈ ತಕ್ಕಂಡು ಬಿಟ್ಟಿದೆ. ಉಳ್ದದ್ದನ್ನ ರಸ್ತೆಗೆ ಕೊಡ್ತ್ರಾ?" ಎನ್ನುತ್ತಿದ್ದಳು. ನಾನು ನಕ್ಕು ಹೊರಡುತ್ತಿದ್ದೆ. ಐದಾರು ತಿಂಗಳು ಬಿಸಿಲು ಮಳೆ ಎನ್ನದೆ ಹೋಗಿ ಬಂದೆ. ಯಾರ ಬೈಕನ್ನೂ ಕಾಯಲಿಲ್ಲ.

ದೀಪಾವಳಿಯ ಆ ವಾರ, ಅಂಗಡಿಯ ಯಜಮಾನರ ಮನೆಯಲ್ಲಿ ಕಾರ್ಯಕ್ರಮ ಇದ್ದದ್ದರಿಂದ ಮಧ್ಯಾಹ್ನವೇ ರಜೆ ಸಿಕ್ಕಿತು. ಬೆಳಿಗ್ಗೆ ನಾನು ಹೋಗುವಾಗ ನಮ್ಮೂರಿನ ಇಳಿಜಾರು ರಸ್ತೆ ಎಂದಿನಂತೆಯೇ ಇತ್ತು. ವಾಪಸು ಬರುವಾಗ ನನಗೆ ಹುಮ್ಮಸ್ಸು. ಯಾವಾಗಲೂ ಮೇಲಿನಿಂದಲೇ ನಿಧಾನ ಮಾಡಿಕೊಂಡು ಇಳಿಯುವವನು ಅಂದು ಸ್ವಲ್ಪ ಓಡಲು ಬಿಟ್ಟೆ. ಕಾಲು ಪೆಡಲಿನ ಜೊತೆ ಸುತ್ತುತ್ತಿತ್ತು, ಎದುರಿನಿಂದ ಕಡಲ ಗಾಳಿ ಬರುತ್ತಿತ್ತು.

ತಿರುವು ದಾಟಿದೆ. ಮುಂದೆ ಕೆಂಪು ಮಣ್ಣಿನ ಗುಡ್ಡೆ ಕಂಡಿತು. ಅದರಾಚೆ ರಸ್ತೆಯನ್ನು ಅಡ್ಡಕ್ಕೆ ಕೊರೆದಿದ್ದರು. ನೀರಿನ ಪೈಪಿಗಾಗಿ ಬೆಳಿಗ್ಗೆಯ ನಂತರ ಅಗೆದದ್ದು. ಎಚ್ಚರಿಕೆಗೆ ಒಂದು ಕಲ್ಲೂ ಇರಲಿಲ್ಲ. ಆ ಗುಂಡಿಯಿಂದ ಎರಡು ತಲೆಗಳು ಮಾತ್ರ ಹೊರಗೆ ಕಾಣುತ್ತಿದ್ದವು. ಒಬ್ಬ ಹೆಂಗಸು, ಒಬ್ಬ ಗಂಡಸು. ಇಬ್ಬರೂ ಬಗ್ಗಿ ಮಣ್ಣು ತೆಗೆಯುತ್ತಿದ್ದರು.

ಎಡಗೈಯಿಂದ ಬ್ರೇಕು ಒತ್ತಿದೆ. ಒಮ್ಮೆ ಹಿಡಿಯಿತು. ಆಮೇಲೆ 'ಟಪ್' ಎಂದಿತು. ಹಿಡಿಕೆ ಸಡಿಲವಾಗಿ ಹ್ಯಾಂಡಲ್ಲಿಗೆ ಬಂದು ತಾಗಿತು.

ಆ ಹೊತ್ತಿನಲ್ಲಿ ದೇವರ ನೆನಪಾಯಿತು ಎಂದರೆ ಸುಳ್ಳಾಗುತ್ತದೆ. ನನಗೆ ಆ ಎರಡು ತಲೆಗಳ ಹೊರತು ಏನೂ ಕಾಣಲಿಲ್ಲ. ಗುಡ್ಡೆ ಹಾರಿದರೆ ಸೈಕಲ್ಲು ನೇರ ಅವರ ಮೇಲೆಯೇ. ಬದಿಗೆ ತಿರುಗಿಸಲು ಒಂದು ಕಡೆ ಆಳದ ಚರಂಡಿ, ಇನ್ನೊಂದು ಕಡೆ ರಾಶಿ ಹಾಕಿದ ಪೈಪು. ಕೂಗಿದೆ, ಎದುರುಗಾಳಿಗೆ ಅವರಿಗೆ ಕೇಳಿಸಲಿಲ್ಲ.

ಕಾಲು ಮಾತ್ರ ತನ್ನ ಕೆಲಸ ಶುರು ಮಾಡಿತ್ತು. ಪೆಡಲು ಮೇಲೆ ಬಂದಾಗೆಲ್ಲ ಹಿಂದಕ್ಕೆ ಒತ್ತಿದೆ. ತೊಡೆ ಹರಿದುಹೋಗುವಷ್ಟು ಎಳೆತ. ವೇಗ ಇಳಿಯಿತು, ಆದರೆ ಸಾಕಾಗಲಿಲ್ಲ. ಸೀಟಿನಿಂದ ಎದ್ದು ಎದೆಯನ್ನು ಹ್ಯಾಂಡಲ್ಲಿನ ಹತ್ತಿರ ತಂದೆ. ಎರಡೂ ಕಾಲು ಬಿಗಿ ಹಿಡಿದೆ. ಹಿಂದಿನ ಚಕ್ರ ಕರ್ರೆಂದು ಜಾರಿತು. ಬಿಟ್ಟೆ, ಹಿಡಿದೆ. ಮತ್ತೆ ಬಿಟ್ಟೆ, ಮತ್ತೆ ಹಿಡಿದೆ. ಸೈಕಲ್ಲಿನ ಬಾಲ ಸ್ವಲ್ಪ ಎಡಕ್ಕೆ ಹೋಯಿತು. ನಾನು ಅದನ್ನು ಹೋಗಲು ಬಿಟ್ಟೆ, ಹ್ಯಾಂಡಲ್ ಮಾತ್ರ ನೇರ ಇಟ್ಟುಕೊಂಡೆ.

ಮುಂದಿನ ಚಕ್ರ ಮಣ್ಣಿನ ಗುಡ್ಡೆಗೆ ಮುತ್ತು ಕೊಟ್ಟ ಹಾಗೆ ತಾಗಿ ನಿಂತಿತು. ಒಂದು ಹಿಡಿ ಮಣ್ಣು ಉದುರಿ ಆ ಹೆಂಗಸಿನ ತಲೆಯ ಮೇಲೆ ಬಿತ್ತು.

ಅವಳು ಎದ್ದು ನೋಡಿದಳು. ಉತ್ತರ ಕರ್ನಾಟಕದ ಕಡೆಯವಳು. "ಯಾಕ್ರೀ ಅಣ್ಣಾರ, ಮಂದಿ ಇರೋದು ಕಾಣಂಗಿಲ್ಲೇನು?" ಎಂದು ಜೋರು ಮಾಡಿದಳು.

ನಾನು ಜೋತುಬಿದ್ದ ವೈರನ್ನು ಎತ್ತಿ ತೋರಿಸಿದೆ. ಅವಳು ವೈರು ನೋಡಿದಳು, ನನ್ನ ಬಲಗೈ ನೋಡಿದಳು, ರಸ್ತೆಯ ಮೇಲೆ ಬಿದ್ದ ಟೈರಿನ ಗೀರು ನೋಡಿದಳು. ಅವಳ ಸ್ವರ ಇಳಿಯಿತು.

"ಮತ್ತ ಹೆಂಗ ನಿಂತ್ರಿ?"

"ಕಾಲಲ್ಲಿ."

"ಕಾಲು ನೆಲಕ್ಕ ಹಚ್ಚಲೇ ಇಲ್ಲಲ್ರೀ!"

ಅಷ್ಟರಲ್ಲಿ ಮೇಲಿನಿಂದ ವಾಹನದ ಸದ್ದು ಕೇಳಿತು. ಪೆಡಲಿನ ಪಟ್ಟಿಯಿಂದ ಇನ್ನೊಂದು ಕಾಲನ್ನೂ ಬಿಡಿಸಿ, ಸೈಕಲ್ ಅಲ್ಲೇ ಬಿಟ್ಟು, ತಿರುವಿನವರೆಗೆ ಓಡಿದೆ. ಎರಡೂ ಕೈ ಎತ್ತಿ ನಿಂತೆ. ಗ್ಯಾಸ್ ಸಿಲಿಂಡರ್ ತುಂಬಿದ ಟೆಂಪೋ ನನ್ನ ಮುಂದೆ ಕಿರುಚಿ ನಿಂತಿತು. ಚಾಲಕ ಬೈಯಲು ತಲೆ ಹೊರಹಾಕಿದವನು ಮುಂದಿನ ಗುಂಡಿ ನೋಡಿ ಕೆಳಗಿಳಿದ. ಆಮೇಲೆ ಅವನು, ನಾನು, ಗುಂಡಿಯಲ್ಲಿದ್ದ ಆ ಇಬ್ಬರು, ನಾಲ್ವರೂ ಸೇರಿ ತಿರುವಿನ ಮೇಲ್ಗಡೆ ಕಲ್ಲುಗಳನ್ನು ಸಾಲಾಗಿ ಇಟ್ಟು, ಮರದ ಟೊಂಗೆ ಮುರಿದು ರಸ್ತೆಗೆ ಅಡ್ಡ ಹಾಕಿದೆವು. ಆ ಹೆಂಗಸು ತಲೆಗೆ ಸುತ್ತಿದ್ದ ಕೆಂಪು ವಸ್ತ್ರವನ್ನು ಬಿಚ್ಚಿ ಟೊಂಗೆಗೆ ಕಟ್ಟಿದಳು. ನನಗೆ ಕುಡಿಯಲು ನೀರು ಕೊಟ್ಟು, "ಕುಂದರ್ರಿ, ಕಾಲ ನಡಗಾಕತ್ತಾವ," ಎಂದಳು.

ಸೈಕಲ್ ನೂಕಿಕೊಂಡು ಮನೆ ಮುಟ್ಟುವಾಗ ಸುದ್ದಿ ನನಗಿಂತ ಮೊದಲೇ ತಲುಪಿತ್ತು. ಸುನಂದಾ ಅಂಗಳದಲ್ಲಿ ನಿಂತಿದ್ದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಕೇಳಿದ್ದು ಒಂದೇ ಮಾತು: "ವೈರು ಬದಲ್ಸಿ ಅಂತ ಬೊಮ್ಮಯ್ಯಣ್ಣ ಹೇಳಿದ್ರಾ ಇಲ್ವಾ?"

"ಹೇಳಿದ್ರು."

"ಮತ್ತೆ?"

ಮರುದಿನ ಬೊಬ್ರುವಾಡಕ್ಕೆ ಬಸ್ಸಿನಲ್ಲಿ ಹೋಗಿ ವೈರು ತಂದು ಹಾಕಿದೆ. ಹಳೆಯದನ್ನು ಬಿಚ್ಚಿ ನೋಡಿದರೆ ಒಳಗೆಲ್ಲ ತುಕ್ಕು. ತಪ್ಪು ನನ್ನದೇ. ಈಗ ಪ್ರತಿ ಎರಡು ತಿಂಗಳಿಗೊಮ್ಮೆ ವೈರು, ವಾರಕ್ಕೊಮ್ಮೆ ಚೈನು ನೋಡುತ್ತೇನೆ. ಇಳಿಜಾರಿನಲ್ಲಿ ಓಡಲು ಬಿಡುವುದಿಲ್ಲ.

ಹಬ್ಬದ ದಿನ ಬೆಳಿಗ್ಗೆ ಸುನಂದಾ ಮನೆಯ ಮುಂದಿನ ದಾರಿಯ ನಡುವೆ ಹೋಗಿ ನಿಂತಳು. ಹೊಸ ಸೀರೆ ಉಟ್ಟಿದ್ದಳು. "ಅಲ್ಲಿಂದ ಬನ್ನಿ. ಬ್ರೇಕು ಮುಟ್ಬೇಡಿ. ನನ್ನ ಮುಂದೆ ನಿಲ್ಸಿ ತೋರ್ಸಿ," ಎಂದಳು.

"ಮಂಡೆ ಸಮಾ ಇದ್ಯಾ ನಿಂಗೆ? ಬದಿಗೆ ಹೋಗು."

"ಬದಿಗೆ ಹೋದ್ರೆ ನಂಗೆ ಹೆದ್ರಿಕೆ ಹೋಗುದಿಲ್ಲ. ದಿನಾ ಕಳಿಸುದು ನಾನಲ್ವಾ? ಬನ್ನಿ."

ನಾನು ತೆಂಗಿನಮರದ ಹತ್ತಿರದಿಂದ ಹೊರಟೆ. ಅವಳು ಕೈ ಕಟ್ಟಿ ನಿಂತಿದ್ದಳು, ಕಣ್ಣು ಮುಚ್ಚಲಿಲ್ಲ. ನಾನು ದೂರದಿಂದಲೇ ಪೆಡಲನ್ನು ಹಿಂದಕ್ಕೆ ಒತ್ತುತ್ತಾ ಬಂದು ಅವಳಿಗೆ ಒಂದು ಮಾರು ದೂರದಲ್ಲಿ ನಿಂತೆ. ಅವಳು ಒಂದು ಹೆಜ್ಜೆಯೂ ಹಿಂದೆ ಇಟ್ಟಿರಲಿಲ್ಲ.

"ಹ್ಞೂಂ. ಕೆಲ್ಸಕ್ಕೆ ಹೋಗ್ಲಿಕ್ಕೆ ಅಡ್ಡಿಲ್ಲ," ಎಂದು ಹೇಳಿ ಒಳಗೆ ಹೋದಳು.

ಕೈ ಹೋದ ಮೇಲೆ ಹೆಚ್ಚಿನವರು ನನ್ನನ್ನು ಕರುಣೆಯಿಂದಲೇ ನೋಡಿದ್ದರು. ನಾನು ಬರುವ ದಾರಿಗೆ ಅಡ್ಡ ನಿಂತು, ಇವನು ನಿಲ್ಲಿಸುತ್ತಾನೆ ಎಂದು ನಂಬಿದವಳು ಅವಳೊಬ್ಬಳೇ. ಒಳಗಿನಿಂದ ಅವಳು ತಿಂಡಿಗೆ ಕರೆಯುವವರೆಗೂ ಸೈಕಲ್ ಹಿಡಿದು ದಾರಿಯಲ್ಲೇ ನಿಂತಿದ್ದೆ.